ನೆಕ್ಕರ್ ದಂಡೆಯಲ್ಲಿ ಸಿಕ್ಕ ಹುಬ್ಬಳ್ಳಿಯ ಮಾತು

ನಾನು ವಿಮಾನ ಹತ್ತಿದ್ದು ಬೇರೆಯವರ ಕೋಟು ತೊಟ್ಟು. ನಮ್ಮ ಸಭೆಯಲ್ಲಿ ರೈಲ್ವೆ ಗಾರ್ಡ್ ಆಗಿ ನಿವೃತ್ತರಾಗಿದ್ದ ಹಿರಿಯರೊಬ್ಬರು "ಅಲ್ಲಿ ಥಂಡಿ ಅಂದ್ರ ನಮ್ಮ ಬೆಳಗಾವಿ ಥಂಡಿ ಅಲ್ಲರೀ ಅಯ್ಯನವರ" ಎಂದು ತಮ್ಮ ಕರಿಯ ಉಣ್ಣೆಯ ಕೋಟನ್ನು ತಂದುಕೊಟ್ಟಿದ್ದರು. ತೋಳು ಎರಡು ಬೆರಳು ಉದ್ದ. ಒಳಜೇಬಿನಲ್ಲಿ ಹಳೆಯದೊಂದು ಸೀಟಿ ಇತ್ತು. ಅದನ್ನು ತೆಗೆದಿಡುವುದು ಅವರಿಗೂ ಮರೆತಿತ್ತು, ನೋಡುವುದು ನನಗೂ ಮರೆಯಿತು. ಮುಂಬಯಿಯ ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಸೀಟಿ ಹೊರಬಿದ್ದಾಗ ಅಧಿಕಾರಿ ಒಮ್ಮೆ ಅದನ್ನೂ ಒಮ್ಮೆ ನನ್ನ ಕೊರಳಿನ ಬಿಳಿ ಪಟ್ಟಿಯನ್ನೂ ನೋಡಿ, ನಕ್ಕು, ಬಿಟ್ಟುಬಿಟ್ಟ.

ಇದು 1995ರ ಸೆಪ್ಟೆಂಬರ್ ತಿಂಗಳ ಮಾತು. ನಾನಾಗ ಗದಗ ಕಡೆಯ ಸಣ್ಣ ಊರೊಂದರಲ್ಲಿ ಸಭಾಪಾಲಕನಾಗಿದ್ದೆ. ದಕ್ಷಿಣ ಜರ್ಮನಿಯ ಕೆಲವು ಸಭೆಗಳು ಕರೆ ಕಳುಹಿಸಿದ್ದವು. ಹನ್ನೆರಡು ವಾರ ಅಲ್ಲಿದ್ದು ಅವರ ಜೊತೆ ಪ್ರಾರ್ಥಿಸಿ, ಪ್ರಸಂಗ ಮಾಡಿ, ನಮ್ಮ ನಾಡಿನ ಬಗ್ಗೆ ನಾಲ್ಕು ಮಾತು ಹೇಳಿ ಬರಬೇಕು. ನೂರೈವತ್ತು ವರ್ಷಗಳ ಹಿಂದೆ ಅವರು ಮಿಶನರಿಗಳಾಗಿ ನಮ್ಮಲ್ಲಿಗೆ ಬಂದಿದ್ದರು, ಈಗ ನಾವು ಅವರಲ್ಲಿಗೆ. ಬೀಳ್ಕೊಡುಗೆಯ ದಿನ ಒಬ್ಬರು "ಇದು ಬಡ್ಡಿ ಸಮೇತ ತೀರಿಸುವ ಸಾಲ" ಎಂದು ಭಾಷಣ ಮಾಡಿದರು. ಚಪ್ಪಾಳೆ ಬಿತ್ತು. ಹಾರ ಹಾಕಿಸಿಕೊಂಡ ನಾನು ಒಳಗೊಳಗೇ ಉಬ್ಬಿದ್ದೆ. ಸುಳ್ಳು ಯಾಕೆ ಹೇಳಲಿ? ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಪುಣೆಯನ್ನು ದಾಟಿ ಹೋದವರಲ್ಲ.

ಈ ಸಂಭ್ರಮದಲ್ಲಿ ಇಲ್ಲದವನು ನನ್ನ ಮಗ. ಅವನು ಘಟ್ಟದ ಕೆಳಗಿನ ಊರೊಂದರ ಬೋರ್ಡಿಂಗ್ ಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದ. ಎಂಟನೆಯ ತರಗತಿಗೆ ಅವನನ್ನು ಅಲ್ಲಿ ಬಿಟ್ಟಿದ್ದೆ. ನಮ್ಮ ಕೆಲಸದಲ್ಲಿ ನಾಲ್ಕೈದು ವರ್ಷಕ್ಕೊಮ್ಮೆ ವರ್ಗ. ಹೋದ ಊರಿನಲ್ಲೆಲ್ಲ ಹೊಸ ಶಾಲೆ, ಹೊಸ ಮೇಷ್ಟರು. "ಹುಡುಗನ ಭವಿಷ್ಯ ನೋಡ್ರಿ" ಎಂದು ಹಿತೈಷಿಗಳು ಹೇಳಿದರು. ಇಂಗ್ಲಿಷ್ ಮಾಧ್ಯಮ, ಶಿಸ್ತು, ಒಳ್ಳೆಯ ಫಲಿತಾಂಶ. ನನ್ನಾಕೆ ಏನೂ ಹೇಳಲಿಲ್ಲ. ಹೇಳದಿರುವುದೂ ಒಂದು ಹೇಳುವ ರೀತಿ ಎಂಬುದು ಇಪ್ಪತ್ತು ವರ್ಷ ಸಂಸಾರ ಮಾಡಿದ ನನಗೆ ಗೊತ್ತಿರಬೇಕಿತ್ತು.

ಅವನಿಂದ ತಿಂಗಳಿಗೊಂದು ಇನ್‌ಲ್ಯಾಂಡ್ ಪತ್ರ ಬರುತ್ತಿತ್ತು. ದುಂಡಗಿನ ಅಕ್ಷರ, ಒಂದು ತಪ್ಪಿಲ್ಲ. "ನಾನು ಕ್ಷೇಮ. ಚೆನ್ನಾಗಿ ಓದುತ್ತಿದ್ದೇನೆ. ಇಲ್ಲಿ ಮಳೆ ಬಹಳ, ಅರಿವೆ ಒಣಗುವುದಿಲ್ಲ." ಜೂನ್‌ನಲ್ಲೂ ಅದೇ, ಸೆಪ್ಟೆಂಬರಿನಲ್ಲೂ ಅದೇ. ಒಮ್ಮೆ ಡಿಸೆಂಬರಿನಲ್ಲಿ ಬಂದ ಪತ್ರದಲ್ಲೂ ಅರಿವೆ ಒಣಗುವುದಿಲ್ಲ ಎಂದಿತ್ತು. "ನಿನ್ನ ಮಗ ತಾರೀಖು ಮಾತ್ರ ಬದಲಿಸಿ ಹಳೆಯ ಪತ್ರವನ್ನೇ ನಕಲು ಮಾಡುತ್ತಾನೆ ನೋಡು" ಎಂದು ನಾನು ನನ್ನಾಕೆಯ ಮುಂದೆ ನಕ್ಕಿದ್ದೆ. ಆಕೆ ಪತ್ರವನ್ನು ಮಡಚಿ ಸತ್ಯವೇದದೊಳಗೆ ಇಟ್ಟಳು.

ಜರ್ಮನಿಗೆ ಹೊರಡುವ ಮೊದಲು ಅವನನ್ನು ನೋಡಿ ಬರಬೇಕೆಂದಿತ್ತು. ಪಾಸ್‌ಪೋರ್ಟು, ವೀಸಾ, ಟಿಕೀಟು ಎಂದು ಓಡಾಡುವುದರಲ್ಲಿ ಆಗಲಿಲ್ಲ. ಒಂದು ಪತ್ರ ಬರೆದೆ. ಕಷ್ಟಪಟ್ಟು ಓದು, ದೇವರು ನಿನ್ನ ಸಂಗಡ ಇದ್ದಾನೆ, ಚಾಕೊಲೇಟು ತರುತ್ತೇನೆ.

ಜರ್ಮನಿಯ ಮೊದಲ ವಾರಗಳ ಬಗ್ಗೆ ಬಹಳ ಬರೆಯುವುದಿಲ್ಲ. ವಿದೇಶಕ್ಕೆ ಹೋಗಿ ಬಂದವರೆಲ್ಲ ಬರೆಯುವ ಸ್ವಚ್ಛವಾದ ರಸ್ತೆ, ಹೊತ್ತಿಗೆ ಸರಿಯಾಗಿ ಬರುವ ರೈಲು ಇವೆಲ್ಲ ನಾನೂ ಕಂಡೆ. ನಮ್ಮವರು ಕಟ್ಟಿಕೊಟ್ಟ ಶೇಂಗಾ ಹಿಂಡಿ ಎಂಟೇ ದಿನಕ್ಕೆ ಮುಗಿಯಿತು. ಹೇಳಲೇಬೇಕಾದದ್ದು ಅಲ್ಲಿನ ಸಭೆಗಳ ಸಂಗತಿ. ನಾನು ಪ್ರಸಂಗ ಮಾಡಿದ ಮೊದಲ ದೇವಾಲಯ ನಮ್ಮ ಊರಿನ ದೇವಾಲಯದ ನಾಲ್ಕರಷ್ಟು ದೊಡ್ಡದು. ಒಳಗಿದ್ದವರು ಇಪ್ಪತ್ತಮೂರು ಜನ. ಎಣಿಸಿದ್ದೆ. ಅವರಲ್ಲಿ ತಲೆ ನರೆಯದವರು ಮೂವರು, ಆ ಮೂವರಲ್ಲಿ ಒಬ್ಬ ಆರ್ಗನ್ ನುಡಿಸುವವನು. ಹೀಗಿದ್ದೂ ದೇವಾಲಯದ ಗೋಡೆಗೆ ಹೊಸ ಬಣ್ಣ, ಗಂಟೆಗೋಪುರಕ್ಕೆ ಹೊಸ ತಗಡು. ದುಡ್ಡು ಎಲ್ಲಿಂದ ಎಂದು ಅಲ್ಲಿನ ಪಾದ್ರಿಯವರನ್ನು ಕೇಳಿದೆ. ಆ ದೇಶದಲ್ಲಿ ಸಭೆಯ ಸದಸ್ಯರಾದವರು ತಮ್ಮ ಆದಾಯ ತೆರಿಗೆಯ ಜೊತೆಗೆ ಚರ್ಚ್ ತೆರಿಗೆಯನ್ನೂ ಕೊಡುತ್ತಾರೆ. ಅವರ ಪ್ರಾಂತದಲ್ಲಿ ಅದು ಆದಾಯ ತೆರಿಗೆಯ ನೂರಕ್ಕೆ 8 ಪಾಲು. ಸರಕಾರವೇ ವಸೂಲು ಮಾಡಿ ಚರ್ಚಿಗೆ ತಲುಪಿಸುತ್ತದೆ. ಕಾಣಿಕೆ ಚೀಲ ಹಿಡಿದು ಒಬ್ಬೊಬ್ಬರ ಮುಖ ನೋಡುವ ಕಷ್ಟ ಅವರಿಗಿಲ್ಲ ಎಂದು ಹೊಟ್ಟೆಕಿಚ್ಚಾಯಿತು. "ನಿಮ್ಮಲ್ಲಿ ಜನ ಇದ್ದಾರೆ, ನಮ್ಮಲ್ಲಿ ಗೋಪುರ ಇದೆ" ಎಂದು ಅವರು ನಕ್ಕರು.

ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಅವರಿಗೆ ಸುಗ್ಗಿಯ ಕೃತಜ್ಞತೆಯ ಹಬ್ಬ. ಬಲಿಪೀಠದ ಮುಂದೆ ಸೇಬು, ಕುಂಬಳ, ಆಲೂಗಡ್ಡೆ, ಬುಟ್ಟಿಯಷ್ಟು ದೊಡ್ಡ ರೊಟ್ಟಿ, ಗೋಧಿಯ ತೆನೆ ಎಲ್ಲವನ್ನೂ ಒಪ್ಪವಾಗಿ ಜೋಡಿಸಿದ್ದರು. ಆರಾಧನೆ ಮುಗಿಯಿತು. ಹರಾಜು ಯಾವಾಗ ಎಂದು ನಾನು ಕಾದು ಕುಳಿತೆ. ನಮ್ಮಲ್ಲಿ ಆ ಹಬ್ಬ ಎಂದರೆ ಹರಾಜು. ಒಂದು ತೆಂಗಿನಕಾಯಿಗೆ ಇಬ್ಬರು ಬೀಗರು ಹಟಕ್ಕೆ ಬಿದ್ದು ಕೂಗಿದರೆ ಅದು ನೂರು ರೂಪಾಯಿ ದಾಟುತ್ತದೆ, ಸಭೆಯ ಸುಣ್ಣಬಣ್ಣದ ಖರ್ಚು ಹುಟ್ಟುತ್ತದೆ. ಅಲ್ಲಿ ಹರಾಜೂ ಇಲ್ಲ, ಗದ್ದಲವೂ ಇಲ್ಲ. ಎಲ್ಲರೂ ಕೈಕುಲುಕಿ ಮನೆಗೆ ಹೋದರು. ಅಷ್ಟು ಸೇಬು ಇದ್ದೂ ನನಗೆ ಹಬ್ಬ ಆದಂತೆ ಅನಿಸಲಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಅದೇ ವಾರ. ಅಲ್ಲಿ ಹದಿಮೂರು, ಹದಿನಾಲ್ಕು ವರ್ಷದ ಮಕ್ಕಳಿಗೆ ಸಭೆಯ ದೃಢೀಕರಣಕ್ಕೆ ಮುಂಚೆ ಪಾಠ ನಡೆಯುತ್ತದೆ. ಪಾದ್ರಿಯವರು ನನ್ನನ್ನು ಆ ಪಾಠಕ್ಕೆ ಕರೆದುಕೊಂಡು ಹೋದರು. ಮಕ್ಕಳು ಹುಲಿ, ಹಾವು, ಆನೆ ಎಲ್ಲವನ್ನೂ ಕೇಳಿ ಮುಗಿಸಿದರು. ಕೊನೆಗೆ ಕೆಂಚು ಕೂದಲಿನ ಒಬ್ಬ ಹುಡುಗಿ, ನಿಮಗೆ ಮಕ್ಕಳಿದ್ದಾರೆಯೇ ಎಂದಳು. ಒಬ್ಬ ಮಗ, ದೂರದ ಊರಿನ ಹಾಸ್ಟೆಲಿನಲ್ಲಿದ್ದಾನೆ, ವರ್ಷಕ್ಕೆ ಎರಡು ಸಲ ಮನೆಗೆ ಬರುತ್ತಾನೆ ಎಂದು ಹೆಮ್ಮೆಯಿಂದಲೇ ಹೇಳಿದೆ. ಪಾದ್ರಿಯವರು ಜರ್ಮನ್‌ಗೆ ತಿರುಗಿಸಿ ಹೇಳಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಹುಡುಗಿ ಮೆಲ್ಲಗೆ ಏನೋ ಕೇಳಿದಳು. ಪಾದ್ರಿಯವರು ತಿರುಗಿಸಿ ಹೇಳಲು ಹಿಂದೆಮುಂದೆ ನೋಡಿದರು. ನಾನು ಒತ್ತಾಯ ಮಾಡಿದ ಮೇಲೆ ಹೇಳಿದರು: "ಅವನು ಏನು ತಪ್ಪು ಮಾಡಿದ್ದ ಎಂದು ಕೇಳುತ್ತಿದ್ದಾಳೆ."

ಆಗ ಆ ದೇಶದ ಬಹುಪಾಲು ಮಕ್ಕಳ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತಿತ್ತು, ಊಟಕ್ಕೆ ಮಕ್ಕಳು ಮನೆಯಲ್ಲಿರುತ್ತಿದ್ದರು. ಬೋರ್ಡಿಂಗಿಗೆ ಕಳುಹಿಸುವುದೆಂದರೆ ಆ ಹುಡುಗಿಯ ಲೆಕ್ಕದಲ್ಲಿ ಶಿಕ್ಷೆ. ನಮ್ಮ ದೇಶದ ಸ್ಥಿತಿಯೇ ಬೇರೆ, ಒಳ್ಳೆಯ ಶಾಲೆ ಎಲ್ಲೆಡೆ ಇಲ್ಲ ಎಂದು ಐದು ನಿಮಿಷ ವಿವರಿಸಿದೆ. ಆಕೆ ತಲೆ ಆಡಿಸಿದಳು. ವಿವರಣೆ ಅವಳಿಗಿಂತ ನನಗೇ ಹೆಚ್ಚು ಬೇಕಾಗಿತ್ತು.

ಅಕ್ಟೋಬರ್ ಕೊನೆಗೆ ಹತ್ತು ದಿನ ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್‌ನಲ್ಲಿದ್ದೆ. ಮಂಗಳೂರು, ಧಾರವಾಡ, ಹುಬ್ಬಳ್ಳಿಯ ಕಡೆಯವರಿಗೆ ಈ ಊರಿನ ಹೆಸರು ಹೊಸದಲ್ಲ. ಬಾಸೆಲ್ ಮಿಶನ್ ಶಾಲೆ, ಬಾಸೆಲ್ ಮಿಶನ್ ಹೆಂಚು, ಬಾಸೆಲ್ ಮಿಶನ್ ಮುದ್ರಣಾಲಯ ಎಂದು ಹೇಳುತ್ತ ಬೆಳೆದವರು ನಾವು. 1834ರಲ್ಲಿ ಮೂವರು ಮಿಶನರಿಗಳು ಮಂಗಳೂರಿಗೆ ಬಂದಿಳಿದರು. 1837ಕ್ಕೆ ಧಾರವಾಡ, 1839ಕ್ಕೆ ಹುಬ್ಬಳ್ಳಿ. 1843ರಲ್ಲಿ ಮೊಗ್ಲಿಂಗ್ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು, 1894ರಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಬಂತು. ಇವೆಲ್ಲವನ್ನೂ ಪರೀಕ್ಷೆಗೆ ಓದಿದವರಿಗೆ, ಅದರ ಹಿಂದಿನ ಊರು ಹೇಗಿರುತ್ತದೆ ಎಂಬ ಕುತೂಹಲ ಇದ್ದೇ ಇರುತ್ತದೆ. ಸ್ಪಾಲೆನ್‌ಟೋರ್ ಎಂಬ ಹಳೆಯ ಕೋಟೆಬಾಗಿಲು, ಅದರಿಂದ ಹೊರಗೆ ಹೋಗುವ ಬೀದಿಯ ಹೆಸರೇ ಮಿಶನ್ ಬೀದಿ, ಅಲ್ಲಿ 21ನೆಯ ನಂಬರಿನ ದೊಡ್ಡ ಕಟ್ಟಡ. 2001ರಿಂದ ಅದರೊಳಗಿರುವ ಸಂಸ್ಥೆಯ ಹೆಸರೂ ಮಿಶನ್ 21 ಎಂದಾಗಿದೆ. ನಾನು ಹೋದಾಗ ಇನ್ನೂ ಬಾಸೆಲ್ ಮಿಶನ್.

ನಮ್ಮ ಕಡೆಯಿಂದ ನನಗಿಂತ ಬಹಳ ಹಿಂದೆ ಆ ಊರಿಗೆ ಹೋದವರು ಮಂಗಳೂರಿನ ಆನಂದರಾವ್ ಕೌಂಡಿನ್ಯ. 1846ರಲ್ಲಿ ಮೊಗ್ಲಿಂಗ್ ಅವರ ಜೊತೆ ಹೋಗಿ, ಅಲ್ಲಿನ ಸೆಮಿನರಿಯಲ್ಲಿ ಓದಿ, 1851ರಲ್ಲಿ ಬೋಧಕರಾಗಿ ಮರಳಿದವರು. ಕೊಡಗಿನ ಆನಂದಪುರಕ್ಕೆ ಅವರದೇ ಹೆಸರು. ಅವರು ಇದ್ದ ಕೋಣೆಯನ್ನು ನೋಡಬೇಕೆಂದು ಕೇಳಿದೆ. ಈ ಕಟ್ಟಡ 1860ರದು, ಅವರ ಕಾಲಕ್ಕೆ ಇದು ಇರಲೇ ಇಲ್ಲ ಎಂದು ತಿಳಿದು ಸ್ವಲ್ಪ ನಿರಾಸೆಯಾಯಿತು.

ಕಟ್ಟಡದ ಪತ್ರಾಗಾರದಲ್ಲಿ ಎರಡು ದಿನ ಕುಳಿತೆ. ನಮ್ಮ ನಾಡಿನಿಂದ ಹೋದ ಕಾಗದಗಳು ಪೆಟ್ಟಿಗೆ ಪೆಟ್ಟಿಗೆ ಇವೆ. ಹಳೆಯ ಜರ್ಮನ್ ಬರವಣಿಗೆಯಲ್ಲಿ ಇರುವುದರಿಂದ ಈಗಿನ ಜರ್ಮನರೇ ಓದಲು ತಡವರಿಸುತ್ತಾರೆ. ನನ್ನ ಪಾಲಿಗೆ ಉಳಿದದ್ದು ಫೋಟೊಗಳು. ಒಂದರಲ್ಲಿ ಗಡ್ಡದ ಮಿಶನರಿ, ಗಂಟಲಿನವರೆಗೆ ಗುಂಡಿ ಹಾಕಿದ ಹೆಂಡತಿ, ನೆಲದ ಮೇಲೆ ಸೀರೆಯುಟ್ಟ ಆಯಾ, ಆಕೆಯ ತೊಡೆಯ ಮೇಲೆ ಬಿಳಿಯ ಕೂಸು. ಚಿತ್ರದ ಹಿಂದೆ ಗಂಡಹೆಂಡಿರ ಹೆಸರಿತ್ತು, ಕೂಸಿನ ಹೆಸರಿತ್ತು. ಆಯಾಳ ಹೆಸರಿರಲಿಲ್ಲ.

ಆ ಕೂಸುಗಳು ಮುಂದೆ ಏನಾದವು ಎಂದು ಕೇಳಿದೆ. ಅಲ್ಲಿಯವರೆಗೆ ನನಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲ. ಮಿಶನರಿಗಳು ಕಟ್ಟಿಸಿದ ಶಾಲೆ ಗೊತ್ತು, ಹೆಂಚಿನ ಕಾರ್ಖಾನೆ ಗೊತ್ತು, ಅವರ ಸಮಾಧಿ ಗೊತ್ತು. ಅವರ ಮಕ್ಕಳು?

1850ರಲ್ಲಿ ಯೋಸೆನ್‌ಹಾನ್ಸ್ ಎಂಬವರು ಮಿಶನ್ನಿನ ಇನ್‌ಸ್ಪೆಕ್ಟರ್ ಆದರು. ಪೊಲೀಸಿನವರಲ್ಲ, ಮುಖ್ಯಸ್ಥರನ್ನು ಅಲ್ಲಿ ಹಾಗೆ ಕರೆಯುತ್ತಿದ್ದರು. ಬಹಳ ಶಿಸ್ತಿನ ಮನುಷ್ಯ. ಅವರ ಕಾಲದಲ್ಲಿ, 1853ರಲ್ಲಿ, ಮಿಶನರಿಗಳ ಮಕ್ಕಳ ಬಗ್ಗೆ ಒಂದು ನಿಯಮ ಬಂತು. ಭಾರತದಲ್ಲಾಗಲಿ ಆಫ್ರಿಕದಲ್ಲಾಗಲಿ ಹುಟ್ಟಿದ ಮಕ್ಕಳನ್ನು ಶಾಲೆಗೆ ಹೋಗುವ ವಯಸ್ಸಿಗೆ, ಅಂದರೆ ಸುಮಾರು ಆರು ವರ್ಷಕ್ಕೆ, ಯುರೋಪಿಗೆ ಕಳುಹಿಸಬೇಕು. ನೆಂಟರು ಸಾಕಲಾಗದ ಮಕ್ಕಳಿಗೆ ಬಾಸೆಲ್‌ನಲ್ಲಿ 'ಮಕ್ಕಳ ಮನೆ', ಹುಡುಗರಿಗೆ ಬೇರೆ, ಹುಡುಗಿಯರಿಗೆ ಬೇರೆ. ಕಾರಣಗಳಿದ್ದವು. ಬಿಸಿಲು ನಾಡಿನ ಜ್ವರಗಳ ಭಯ. ಅಲ್ಲಿ ತಮ್ಮ ರೀತಿಯ ಶಾಲೆ ಇಲ್ಲ. ಆಯಾಗಳ ಜೊತೆ ಬೆಳೆದು, ಅವರ ಮಾತು ಕಲಿತು, ಮಕ್ಕಳು ತಮ್ಮವರಾಗಿ ಉಳಿಯುವುದಿಲ್ಲ ಎಂಬ ಅಂಜಿಕೆ. ತಾಯ್ತಂದೆಗಳ ಸಮಯವೆಲ್ಲ ಕೆಲಸಕ್ಕೆ ಸಿಗಬೇಕು ಎಂಬ ಆಸೆ. ಪಟ್ಟಿಯನ್ನು ಕೇಳುತ್ತ ಕುಳಿತಾಗ ನನ್ನ ಕಿವಿ ಬಿಸಿಯಾಯಿತು. ಭವಿಷ್ಯ, ಶಿಸ್ತು, ಒಳ್ಳೆಯ ಶಾಲೆ, ನನ್ನ ವರ್ಗಾವಣೆ.

ಈ ನಿಯಮ ಬರುವುದಕ್ಕೆ ಮೊದಲೂ ಮಕ್ಕಳು ಹೀಗೆ ಉಳಿದದ್ದುಂಟು. ಮಲಯಾಳ ನಿಘಂಟಿನ ಗುಂಡರ್ಟ್ ಅವರ ಮಗಳು ಮರೀ 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದಳು. ನಾಲ್ಕರ ಸುಮಾರಿನ ಆ ಮಗುವನ್ನು ಯುರೋಪಿನಲ್ಲಿ ಬಿಟ್ಟು ತಾಯ್ತಂದೆ ಭಾರತಕ್ಕೆ ಮರಳಿದರು. ಅವಳು ಮತ್ತೆ ಭಾರತಕ್ಕೆ ಬಂದದ್ದು 1857ರಲ್ಲಿ, ಹದಿನೈದರ ಹರೆಯದಲ್ಲಿ. ಇದೇ ಮರೀಯ ಮಗ ಹರ್ಮನ್ ಹೆಸ್ಸೆ, 'ಸಿದ್ಧಾರ್ಥ' ಬರೆದು 1946ರಲ್ಲಿ ನೊಬೆಲ್ ಪಡೆದವರು. ಹೆಸ್ಸೆಯ ತಂದೆಯೂ ಮಂಗಳೂರಿನಲ್ಲಿ ಮಿಶನರಿಯಾಗಿದ್ದವರೇ. ಬಾಲಕ ಹೆಸ್ಸೆ ಬಾಸೆಲ್‌ನಲ್ಲಿದ್ದಾಗ ಕೆಲವು ತಿಂಗಳು ಮಿಶನ್ನಿನ ಆ ಹುಡುಗರ ಮನೆಯಲ್ಲೇ ಇದ್ದ. ತಾಯ್ತಂದೆ ಅದೇ ಊರಿನಲ್ಲಿದ್ದರು ಎಂಬುದು ನನಗೆ ಇನ್ನೂ ವಿಚಿತ್ರವಾಗಿ ಕಾಣುತ್ತದೆ.

ಆ ಸಂಜೆ ರೈನ್ ನದಿಯ ದೋಣಿಯಲ್ಲಿ ಕುಳಿತೆ. ವಿಜ್ಞಾನ ಓದುವ ಮಕ್ಕಳು ಈ ದೋಣಿಯ ಸಂಗತಿ ಕೇಳಬೇಕು. ಅದಕ್ಕೆ ಯಂತ್ರವಿಲ್ಲ, ಹುಟ್ಟಿಲ್ಲ, ಹಾಯಿಯಿಲ್ಲ. ನದಿಯ ಅಡ್ಡಕ್ಕೆ ಮೇಲೊಂದು ಉಕ್ಕಿನ ಹಗ್ಗ, ಆ ಹಗ್ಗಕ್ಕೆ ಜಾರುವ ಗಾಲಿ, ಗಾಲಿಗೆ ಕಟ್ಟಿದ ದೋಣಿ. ಅಂಬಿಗ ದೋಣಿಯನ್ನು ಹರಿವಿಗೆ ಓರೆಯಾಗಿ ತಿರುಗಿಸುತ್ತಾನೆ. ಕೆಳಗೆ ಕೊಚ್ಚಿಕೊಂಡು ಹೋಗಲು ಹಗ್ಗ ಬಿಡುವುದಿಲ್ಲವಾದ್ದರಿಂದ ನೀರಿನ ಒತ್ತಡವೇ ಅದನ್ನು ಆಚೆ ದಡಕ್ಕೆ ದೂಡುತ್ತದೆ. ಸದ್ದೇ ಇಲ್ಲ. ಹಂಪಿಯ ಹತ್ತಿರ ಹರಿಗೋಲಿನಲ್ಲಿ ಗಿರಗಿರ ತಿರುಗುತ್ತ ತುಂಗಭದ್ರೆ ದಾಟಿದ ನನಗೆ ಆ ಸದ್ದಿಲ್ಲದಿರುವಿಕೆ ಹಿಡಿಸಿ, ದುಡ್ಡು ಕೊಟ್ಟು ನಾಲ್ಕು ಸಲ ಆಚೆ ಈಚೆ ಹೋದೆ. ಅಂಬಿಗ ನನ್ನನ್ನು ವಿಚಿತ್ರವಾಗಿ ನೋಡಿದ.

ನವೆಂಬರಿನಲ್ಲಿ ಮತ್ತೆ ಜರ್ಮನಿಗೆ ಬಂದು, ನೆಕ್ಕರ್ ನದಿಯ ಕಣಿವೆಯ ಒಂದು ಹಳ್ಳಿಯಲ್ಲಿ ಎಪ್ಪತ್ತೆಂಟು ವರ್ಷದ ಅಜ್ಜಿಯೊಬ್ಬರ ಮನೆಯಲ್ಲಿ ಇಳಿದುಕೊಂಡೆ. ಯುದ್ಧ ಮುಗಿದ ಮೇಲೆ ಅಮೆರಿಕನರ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದರಂತೆ, ಹಾಗಾಗಿ ಇಂಗ್ಲಿಷ್ ಬರುತ್ತಿತ್ತು. ರಾತ್ರಿ ಊಟಕ್ಕೆ ಕುಳಿತಾಗ, ನೀವು ಹುಬ್ಬಳ್ಳಿಯನ್ನು ಬಲ್ಲಿರಾ ಎಂದು ಕೇಳಿದರು. ಗದಗದಿಂದ ಬಂದವನನ್ನು ಹುಬ್ಬಳ್ಳಿ ಬಲ್ಲಿರಾ ಎಂದರೆ! ನಮ್ಮ ಜೋಳದ ಪೇಟೆ, ನಮ್ಮ ರೈಲು ಬದಲಿಸುವ ಊರು ಎಂದೆ. ಅವರು ಎದ್ದು ಹೋಗಿ ಬಿಸ್ಕತ್ತಿನ ಹಳೆಯ ಡಬ್ಬಿಯೊಂದನ್ನು ತಂದರು.

ಅವರ ಅಜ್ಜಿ ಹುಟ್ಟಿದ್ದು ಹುಬ್ಬಳ್ಳಿಯಲ್ಲಂತೆ, 1860ರ ದಶಕದಲ್ಲಿ. ಆರು ತುಂಬಿದ ಮೇಲೆ, ರಜೆಗೆ ಊರಿಗೆ ಹೊರಟಿದ್ದ ಇನ್ನೊಂದು ಮಿಶನರಿ ಕುಟುಂಬದ ಜೊತೆ ಹಡಗು ಹತ್ತಿಸಿದರು. ನೇರವಾಗಿ ಬಾಸೆಲ್‌ನ ಮಕ್ಕಳ ಮನೆ. ಅಲ್ಲಿಂದ ಮಕ್ಕಳು ಬರೆದ ಪತ್ರಗಳನ್ನು ಮೇಲ್ವಿಚಾರಕರು ಓದಿ, ತಿದ್ದಿ ಕಳುಹಿಸುತ್ತಿದ್ದರಂತೆ. "ನಮ್ಮಜ್ಜಿ ಹೇಳುತ್ತಿದ್ದಳು. ಏನು ಬರೆದರೂ ಯಾರಾದರೂ ಓದುತ್ತಾರೆ ಎಂದು ಗೊತ್ತಿದ್ದರೆ ಬರೆಯಲು ಒಂದೇ ವಿಷಯ ಉಳಿಯುತ್ತದೆ, ಹವೆಯ ವಿಷಯ. ಅವಳು ಹನ್ನೊಂದು ವರ್ಷ ತಾಯಿಗೆ ಹಿಮದ ಬಗ್ಗೆ ಬರೆದಳು."

ನನ್ನ ಕೈಯಲ್ಲಿದ್ದ ಚಮಚ ತಟ್ಟೆಗೆ ತಗುಲಿ ಸದ್ದಾಯಿತು. ಅವರು ಗಮನಿಸಲಿಲ್ಲ.

ಹನ್ನೊಂದು ವರ್ಷದ ಮೇಲೆ ತಾಯಿ ಮರಳಿ ಬಂದಳು. ಹುಡುಗಿಗೆ ಆಗ ಹದಿನೇಳು. ರೈಲು ನಿಲ್ದಾಣಕ್ಕೆ ಕರೆತಂದು ನಿಲ್ಲಿಸಿದ್ದರಂತೆ. ಬಂದವಳು ತಾಯಿ ಎಂದು ಬೇರೆಯವರು ತೋರಿಸಬೇಕಾಯಿತು. ಹುಡುಗಿ ಮೊಣಕಾಲು ಬಗ್ಗಿಸಿ ವಂದಿಸಿ, 'ನೀವು' ಎಂದು ಬಹುವಚನದಲ್ಲಿ ಮಾತನಾಡಿಸಿದಳು. ತಾಯಿ ಅಲ್ಲಿಯೇ ಸಾಮಾನಿನ ಪೆಟ್ಟಿಗೆಯ ಮೇಲೆ ಕುಳಿತುಬಿಟ್ಟಳು. ನಮ್ಮ ಕಡೆ ದೇವರಿಗೂ 'ನೀ', ಅವ್ವನಿಗೂ 'ನೀ'. ಅವ್ವನಿಗೆ 'ನೀವು' ಎಂದರೆ ಜಗಳವಾಡಿದ್ದೇವೆ ಎಂದರ್ಥ. ಅಜ್ಜಿಗೆ ಇದನ್ನು ಹೇಳಿದೆ. ಜರ್ಮನ್‌ನಲ್ಲೂ ಹಾಗೆಯೇ ಎಂದರು.

ಡಬ್ಬಿಯಲ್ಲಿ ದೊಡ್ಡದೇನೂ ಇರಲಿಲ್ಲ. ಒಂದು ಮಸುಕು ಫೋಟೊ, ಒಂದು ತುಂಡು ಇಳಕಲ್ ಸೆರಗು, ಎರಡು ಹುಣಸೆಬೀಜ. ಹುಣಸೆಬೀಜವನ್ನು ಅವರು ಬಹಳ ಕಾಲ ಯಾವುದೋ ಕಲ್ಲು ಎಂದು ತಿಳಿದಿದ್ದರು. ಚವ್ವಾ ಆಡುವ ಬೀಜ ಎಂದು ಹೇಳಿ, ಮೇಜಿನ ಮೇಲೆ ಚಾಕ್‌ನಿಂದ ಮನೆ ಬರೆದು ಆಡುವ ರೀತಿ ತೋರಿಸಿದೆ.

ಆಮೇಲೆ ಅವರು ಸ್ವಲ್ಪ ಸಂಕೋಚದಿಂದ, ನಮ್ಮ ಮನೆಯಲ್ಲಿ ಒಂದು ಮಾತಿದೆ, ಅದಕ್ಕೆ ಅರ್ಥವಿದೆಯೋ ಇಲ್ಲವೋ ಗೊತ್ತಿಲ್ಲ ಎಂದರು. ಕೂಸು ಅತ್ತಾಗ ಹೇಳುವ ಮಾತು. ಅಜ್ಜಿ ಹೇಳುತ್ತಿದ್ದಳು, ತಾಯಿ ಹೇಳುತ್ತಿದ್ದಳು, ತಾನೂ ಹೇಳಿದೆ, ಈಗ ಮಗಳು ಹೇಳುತ್ತಾಳೆ. ಊರಿನಲ್ಲಿ ಬೇರೆ ಯಾರಿಗೂ ಗೊತ್ತಿಲ್ಲ. ಜರ್ಮನ್ ಅಂತೂ ಅಲ್ಲ. "ಸುಮ್ನೀರ್ವಾ" ಎಂದರು. 'ರ'ಕಾರ ಗಂಟಲಿನಲ್ಲಿ ಗೊರಗೊರ ಎಂದು ಹೊರಳಿತು. ನನಗೆ ತಿಳಿಯಲಿಲ್ಲ, ಮತ್ತೊಮ್ಮೆ ಹೇಳಿ ಎಂದೆ. ಅವರು ಮಾತಿನಿಂದ ತಿಳಿಸಲಾರದೆ, ಇಲ್ಲದ ಕೂಸೊಂದನ್ನು ಹೆಗಲಿಗೆ ಒರಗಿಸಿಕೊಂಡು, ಬೆನ್ನು ತಟ್ಟುತ್ತ, ಆಚೀಚೆ ತೂಗುತ್ತ ಹೇಳಿದರು: "ಸುಮ್ನೀರ್ವಾ, ಸುಮ್ನೀರ್ವಾ."

ಸುಮ್ನಿರವ್ವಾ.

ಅಳಬ್ಯಾಡ, ಸುಮ್ನಿರವ್ವಾ. ಫೋಟೊದ ಹಿಂದೆ ಹೆಸರಿಲ್ಲದ ಯಾವಳೋ ಒಬ್ಬ ಆಯಾ ಹುಬ್ಬಳ್ಳಿಯ ಬಂಗಲೆಯ ಪಡಸಾಲೆಯಲ್ಲಿ ಆಡಿದ ಮಾತು. ಅಜ್ಜಿಗೆ ಅರ್ಥ ಹೇಳಿದೆ. 'ಅವ್ವ' ಎಂದರೆ ತಾಯಿ, ಹೆಣ್ಣುಕೂಸನ್ನೂ ನಾವು ಹಾಗೆಯೇ ಕರೆಯುತ್ತೇವೆ ಎಂದೂ ಹೇಳಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಹೇಳಿದರು: ಮಕ್ಕಳ ಮನೆಯಲ್ಲಿ ಹೊಸದಾಗಿ ಬಂದ ಸಣ್ಣ ಹುಡುಗಿಯರು ರಾತ್ರಿ ಅತ್ತರೆ ದೊಡ್ಡವರು ಈ ಮಾತನ್ನು ಹೇಳಿ ಸಂತೈಸುತ್ತಿದ್ದರಂತೆ. ಜರ್ಮನ್‌ನಲ್ಲಿ ಹೇಳಿದರೆ ಮೇಲ್ವಿಚಾರಕಿಗೆ ಗೊತ್ತಾಗುತ್ತಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ನಾಚಿಕೆ ಬಿಟ್ಟು, ಊರಿಗೊಂದು ಫೋನು ಮಾಡಬಹುದೇ ಎಂದು ಕೇಳಿದೆ. ಭಾರತಕ್ಕೆ ಫೋನೆಂದರೆ ಆಗ ನಿಮಿಷ ನಿಮಿಷಕ್ಕೂ ಮಾರ್ಕು ಕರಗುತ್ತಿತ್ತು. ಅಲ್ಲಿಗೂ ನಮಗೂ ನಾಲ್ಕೂವರೆ ತಾಸಿನ ಅಂತರ. ಲೆಕ್ಕ ಹಾಕಿ, ಶಾಲೆ ಬಿಟ್ಟು ಆಟವೂ ಮುಗಿಯುವ ಹೊತ್ತಿಗೆ, ಅಲ್ಲಿನ ಮಧ್ಯಾಹ್ನ ಒಂದೂವರೆಗೆ ಮಾಡಿದೆ. ವಾರ್ಡನ್ನರ ಕೋಣೆಯಲ್ಲಿ ಫೋನು. ಮಗನನ್ನು ಕರೆಸುವುದಕ್ಕೇ ಮೂರು ನಿಮಿಷ ಹೋಯಿತು.

"ಅಪ್ಪಾ?"

"ಹೆಂಗದೀಯೋ ತಮ್ಮಾ?"

"ಚೆನ್ನಾಗಿದ್ದೇನೆ. ಚೆನ್ನಾಗಿ ಓದುತ್ತಿದ್ದೇನೆ." ಪುಸ್ತಕದ ಕನ್ನಡ. ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತನಾಡುವುದಿಲ್ಲ. ಪಕ್ಕದಲ್ಲಿ ಯಾರೋ ನಿಂತಿದ್ದಾರೆ ಎಂದು ಗೊತ್ತಾಯಿತು.

"ಅರಿವಿ ಒಣಗ್ತಾವೇನೋ?"

ಆ ಕಡೆಯಿಂದ ಸದ್ದಿಲ್ಲ. ದುಡ್ಡು ಓಡುತ್ತಿತ್ತು. ಆಮೇಲೆ ಬಹಳ ಸಣ್ಣ ದನಿಯಲ್ಲಿ, "ಇಲ್ಲಪ್ಪಾ" ಎಂದ.

ಡಿಸೆಂಬರ್ ಮೊದಲ ವಾರ ಮುಂಬಯಿಗೆ ಇಳಿದವನು ಊರಿಗೆ ಹೋಗಲಿಲ್ಲ. ಕೋಟು, ಸೂಟ್‌ಕೇಸು ಸಮೇತ ಬಸ್ಸು ಹತ್ತಿ ನೇರವಾಗಿ ಘಟ್ಟದ ಕೆಳಗೆ ಹೋದೆ. ಭಾನುವಾರವಾಗಿತ್ತು. ಮಗನನ್ನು ಹೊರಗೆ ಕರೆದುಕೊಂಡು ಹೋಗಿ ಹೋಟೆಲಿನಲ್ಲಿ ಕೂರಿಸಿ ಇಡ್ಲಿ ತರಿಸಿದೆ. ಮೀಸೆ ಚಿಗುರುತ್ತಿತ್ತು, ದನಿ ಒಡೆದಿತ್ತು. ಮೂರು ವರ್ಷ ಏನೇನಾಯಿತು ಎಂದು ಕೇಳಿದೆ. ಮೊದಲು ಹೇಳಲಿಲ್ಲ. ನೆಕ್ಕರ್ ದಂಡೆಯ ಅಜ್ಜಿಯ ಕತೆಯನ್ನು ನಾನು ಹೇಳಿ ಮುಗಿಸಿದ ಮೇಲೆ ಒಂದೊಂದಾಗಿ ಹೇಳಿದ. ದೊಡ್ಡ ಹುಡುಗರು, ಏಟು, ಮೊದಲ ವರ್ಷ ರಾತ್ರಿ ಹಾಸಿಗೆ ಒದ್ದೆಯಾಗುತ್ತಿದ್ದದ್ದು, ಹೊದಿಕೆ ತೊಳೆದು ಹಾಕಿದರೆ ಮಳೆಗೆ ಒಣಗದಿದ್ದದ್ದು. ಇಲ್ಲಿ ಎಲ್ಲವನ್ನೂ ಬರೆಯುವುದಿಲ್ಲ, ಅದು ಅವನದು.

"ನಡಿ, ಸಾಮಾನು ಕಟ್ಟು. ಮನಿಗೆ ಹೋಗೋಣು" ಎಂದೆ.

ಅವನು ಚಟ್ನಿಯನ್ನು ಬೆರಳಿನಿಂದ ಬಳಿಯುತ್ತ ಸ್ವಲ್ಪ ಯೋಚಿಸಿದ. "ಈಗ ಬ್ಯಾಡಪ್ಪಾ. ಇನ್ನ ನಾಕ ತಿಂಗಳಿಗೆ ಪರೀಕ್ಷಾ. ಈಗ ರೂಢಿ ಆಗೇದ. ಮುಗಿಸೇ ಬರ್ತೀನಿ" ಎಂದ. ಆಮೇಲೆ, ದೂರುವ ದನಿಯಲ್ಲಿ ಅಲ್ಲ, ಲೆಕ್ಕ ಹೇಳುವವನಂತೆ, "ಎಂಟನೇತ್ತಾದಾಗ ಕೇಳಿದ್ರ ಬರ್ತಿದ್ನಿ" ಎಂದ.

ಚಾಕೊಲೇಟು ಬಸ್ಸಿನ ಸೆಕೆಗೆ ಕರಗಿ ಕಾಗದಕ್ಕೆ ಅಂಟಿತ್ತು. ಅವನು ಅದನ್ನು ಹಾಗೆಯೇ ಜೇಬಿಗೆ ಹಾಕಿಕೊಂಡು, ಹೊಸದಾಗಿ ಬಂದ ಒಬ್ಬ ಸಣ್ಣ ಹುಡುಗ ಇದ್ದಾನೆ, ಅವನಿಗೆ ಕೊಡುತ್ತೇನೆ ಎಂದ. ರಾತ್ರಿ ಅಳುತ್ತಾನಂತೆ.

ಪರೀಕ್ಷೆ ಮುಗಿಸಿ ಏಪ್ರಿಲ್‌ನಲ್ಲಿ ಮನೆಗೆ ಬಂದ. ಮುಂದೆ ಎರಡು ವರ್ಷ ಗದಗಿನ ಕಾಲೇಜಿಗೆ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬಂದು ಓದಿದ. ಅಂಕಗಳೇನೂ ಹೆಚ್ಚು ಬರಲಿಲ್ಲ, ಕಡಿಮೆಯೂ ಆಗಲಿಲ್ಲ. ಕೋಟನ್ನು ಗಾರ್ಡ್ ಸಾಹೇಬರಿಗೆ ಮರಳಿಸಿದೆ, ಸೀಟಿ ಸಮೇತ.

ಆ ಬೇಸಿಗೆಯಲ್ಲಿ ನೆಕ್ಕರ್ ದಂಡೆಯ ಅಜ್ಜಿಯ ಪತ್ರ ಬಂತು. ಮೊಮ್ಮಗಳಿಗೆ ಹೆಣ್ಣುಕೂಸು ಹುಟ್ಟಿದೆ. ತೊಟ್ಟಿಲಿನ ಮೇಲಿನ ಗೋಡೆಗೆ ಹಾಕುವುದಕ್ಕೆ ಆ ಮಾತನ್ನು ನಿಮ್ಮ ಲಿಪಿಯ ದೊಡ್ಡ ಅಕ್ಷರಗಳಲ್ಲಿ ಬರೆದು ಕಳುಹಿಸುವಿರಾ ಎಂದು ಕೇಳಿದ್ದರು. ನನ್ನ ಅಕ್ಷರ ಕೋಳಿ ಕೆದರಿದಂತೆ. ಮಗನನ್ನು ಕರೆದು ಡ್ರಾಯಿಂಗ್ ಹಾಳೆಯನ್ನೂ ಕರಿಯ ಶಾಯಿಯನ್ನೂ ಕೊಟ್ಟೆ. ಅವನು ಪೆನ್ಸಿಲಿನಿಂದ ಗೆರೆ ಎಳೆದುಕೊಂಡು, ಬ್ರಶ್ ಅದ್ದಿ, ಕೈಯೆತ್ತಿ ನಿಲ್ಲಿಸಿ ಕೇಳಿದ:

"'ಸುಮ್ಮನಿರು' ಅಂತ ಬರೀಲೇನಪ್ಪಾ, 'ಸುಮ್ನಿರವ್ವಾ' ಅಂತ ಬರೀಲೋ?"

ಒಳಗಿನಿಂದ ಅವನ ತಾಯಿ ನನಗಿಂತ ಮೊದಲೇ ಉತ್ತರ ಕೊಟ್ಟಳು. "ಅನ್ನೂ ಹಂಗs ಬರಿಯೋ."